ಕಿಂಡಿ ಇಲ್ಲದ ಮನೆಯಲ್ಲಿ ಶೆಗಡಿ

ಕಳೆದ ವಾರ ನಮ್ಮೂರ ಕಡೆಯ ಹುಡುಗನೊಬ್ಬ ವಾಟ್ಸ್ಆ್ಯಪ್ ಮಾಡಿದ್ದ. ಬೆಂಗಳೂರಿನ ಅವನ ಕಂಪನಿ ಒಂದು ಪ್ರಾಜೆಕ್ಟ್ ಮೇಲೆ ಅವನನ್ನು ಅಮೆರಿಕದ ಮಿನ್ನೆಸೋಟಾಗೆ ಕಳಿಸುತ್ತಿದೆ. "ಅಣ್ಣಾ, ಅಲ್ಲಿ ಭಾಳ ಥಂಡಿ ಅಂತಾರ. ಯಾವ ಜಾಕೆಟ್ ತಗೋಬೇಕು?" ಅಂತ ಕೇಳಿದ್ದ. ನಾನೂ ಈಗ ಇಲ್ಲೇ ಇರುವುದರಿಂದ ಜಾಕೆಟ್, ಬೂಟು, ಕೈಗವಸು, ಒಳಗೆ ಹಾಕುವ ಥರ್ಮಲ್ ಎಲ್ಲವನ್ನೂ ಬರೆದು ಕಳಿಸಿದೆ. ಕೊನೆಗೆ ಒಂದು ಸಾಲು ಸೇರಿಸಿದೆ: "ಬಂದ ದಿನಾನ ಮನ್ಯಾಗ ಕಾರ್ಬನ್ ಮೊನಾಕ್ಸೈಡ್ ಅಲಾರಂ ಐತೋ ಇಲ್ಲೋ ನೋಡು."

ಅವನು ನಗುವ ಎಮೋಜಿ ಕಳಿಸಿದ. "ನಾ ಜಾಕೆಟ್ ಕೇಳೇನಿ, ನೀ ಅಲಾರಂ ಹೇಳಾಕತ್ತೀಯಲ್ಲ ಅಣ್ಣಾ!"

ಮೆಸೇಜಿನಲ್ಲಿ ಅವನಿಗೆ ಹೇಳಲು ಆಗದ್ದನ್ನು ಈ ಸಲದ ಅಂಕಣದಲ್ಲಿ ಬರೆಯುತ್ತಿದ್ದೇನೆ. ಇದು ಮಿನ್ನೆಸೋಟಾದ ಕಥೆ ಅಲ್ಲ, 2021ರ ಫೆಬ್ರುವರಿಯಲ್ಲಿ ಟೆಕ್ಸಾಸಿನಲ್ಲಿ ಆದದ್ದು. ಅವ್ವನೊಬ್ಬಳನ್ನು ಬಿಟ್ಟರೆ ಮನೆಯಲ್ಲಿ ಯಾರಿಗೂ ಇದು ಪೂರ್ತಿ ಗೊತ್ತಿಲ್ಲ.

ಕರೆಂಟ್ ಹೋದ ರಾತ್ರಿ

ಆಗ ನಾನು ಡಾಲಸ್ ಹತ್ತಿರ ಇದ್ದೆ. ಎಂಎಸ್ ಮುಗಿದು ಮೊದಲ ನೌಕರಿ. ಒಂದೇ ಅಪಾರ್ಟ್‌ಮೆಂಟಿನಲ್ಲಿ ಮೂರು ಜನ. ನಾನು ಇಂಡಿ ತಾಲ್ಲೂಕಿನವನು, ಇನ್ನೊಬ್ಬ ಸಿಂದಗಿಯವನು, ಮತ್ತೊಬ್ಬ ಮುದ್ದೇಬಿಹಾಳದವನು. ವಿಜಯಪುರದಲ್ಲಿ ಒಂದೇ ಕ್ಲಾಸಿನಲ್ಲಿ ಎಂಜಿನಿಯರಿಂಗ್ ಓದಿ, ಒಟ್ಟಿಗೇ ವಿಮಾನ ಹತ್ತಿದವರು. ಕೋವಿಡ್ ಕಾಲವಾದ್ದರಿಂದ ಮೂವರದೂ ಮನೆಯಿಂದಲೇ ಕೆಲಸ.

ಫೆಬ್ರುವರಿ 14, ಭಾನುವಾರ ಹಿಮ ಬಿತ್ತು. ಡಾಲಸ್‌ನಲ್ಲಿ ಹಿಮ ಅಪರೂಪ. ಹೊರಗೆ ಓಡಿ ಹೋಗಿ ಫೋಟೊ ತೆಗೆದುಕೊಂಡು ಸ್ಟೇಟಸ್ ಹಾಕಿದ್ದೇ ಹಾಕಿದ್ದು. ರಾತ್ರಿ ಎರಡರ ಸುಮಾರಿಗೆ ಫ್ರಿಜ್ಜಿನ ಸದ್ದು ನಿಂತಿತು. ಕರೆಂಟ್ ಹೋಗಿತ್ತು.

ನಮಗೆ ಗಾಬರಿ ಆಗಲಿಲ್ಲ. ಕರೆಂಟ್ ಹೋಗುವುದು ನಮಗೇನು ಹೊಸದೇ? ನಮ್ಮ ಲಿಂಬೆ ತೋಟದ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುತ್ತಿದ್ದದ್ದೇ ನಡುರಾತ್ರಿ. ಅಪ್ಪ ಬ್ಯಾಟರಿ ಹಿಡಿದು, ಹಾವಿಗೆ ಹೆದರುತ್ತ, ಸ್ಟಾರ್ಟರ್ ಒತ್ತಲು ಹೊಲಕ್ಕೆ ಹೋಗುತ್ತಿದ್ದ. ಎಸ್ಸೆಸ್ಸೆಲ್ಸಿಗೆ ನಾನು ಓದಿದ್ದು ಅರ್ಧ ಕರೆಂಟಿನಲ್ಲಿ, ಅರ್ಧ ಚಿಮಣಿ ಬೆಳಕಿನಲ್ಲಿ. "ಒಂದ್ ತಾಸಿಗೆ ಬರ್ತೈತಿ ಬಿಡ್ರಿ" ಅಂತ ಸಿಂದಗಿಯವ ಹೊದ್ದುಕೊಂಡು ಮಲಗಿಬಿಟ್ಟ.

ನನಗೆ ನಿದ್ದೆ ಬರಲಿಲ್ಲ. ಊರಲ್ಲಿ ಆಗ ಮಧ್ಯಾಹ್ನ. ಅವ್ವನಿಗೆ ಫೋನ್ ಮಾಡಿದೆ.

"ಅಮೆರಿಕಾದಾಗೂ ಕರೆಂಟ್ ಹೋಕ್ಕೈತೇನೋ ತಮ್ಮಾ?" ಅಂತ ಅವಳು ನಕ್ಕಳು. ಆಮೇಲೆ, "ಥಂಡಿ ಭಾಳ ಐತೇನು? ಒಂದ್ ಶೆಗಡಿ ಹಚ್ಚ್ಕೊಂಡ್ ಕುಂಡರ್ರಿ" ಅಂದಳು.

ಶೆಗಡಿ ಅಂದರೆ ನಿಮ್ಮಲ್ಲಿ ಕೆಲವರು ಹೇಳುವ ಅಗ್ಗಿಷ್ಟಿಕೆ. ನಮ್ಮ ಕಡೆ ಚಳಿಗಾಲದಲ್ಲಿ ಮುದುಕರ ಮುಂದೆ, ಬಾಣಂತಿಯ ಹೊರಸಿನ ಹತ್ತಿರ ಕೆಂಡ ತುಂಬಿ ಇಡುತ್ತಾರೆ. ಅವ್ವ ಹೇಳಿದ್ದು ಅವಳ ಮಟ್ಟಿಗೆ ಸರಿಯಾಗಿಯೇ ಇತ್ತು.

ಎಲ್ಲವೂ ಒಂದೇ ವೈರಿನ ಮೇಲೆ

ಒಂದು ತಾಸಾಯಿತು, ಆರು ತಾಸಾಯಿತು, ಸೋಮವಾರ ಇಡೀ ದಿನ ಕಳೆಯಿತು. ಕರೆಂಟ್ ಬರಲಿಲ್ಲ.

ಊರಿನ ಲೋಡ್ ಶೆಡ್ಡಿಂಗಿಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿದದ್ದು ಆಗಲೇ. ಊರಲ್ಲಿ ಕರೆಂಟ್ ಹೋದರೆ ದೀಪ ಹೋಗುತ್ತದೆ, ಫ್ಯಾನ್ ನಿಲ್ಲುತ್ತದೆ, ಅಷ್ಟೆ. ಒಲೆಗೆ ಕಟ್ಟಿಗೆಯೋ ಸಿಲಿಂಡರೋ ಇರುತ್ತದೆ. ಹರವಿಯಲ್ಲಿ ನೀರು ಇರುತ್ತದೆ. ಕರೆಂಟ್ ಹೋಗುತ್ತದೆ ಅಂತ ಗೊತ್ತಿದ್ದೇ ಆ ಮನೆ ನಡೆಯುತ್ತದೆ. ನಮ್ಮ ಡಾಲಸ್ ಮನೆಯಲ್ಲಿ ಬಿಸಿಗಾಳಿ, ಒಲೆ, ಬಿಸಿನೀರು, ಇಂಟರ್ನೆಟ್ ಎಲ್ಲವೂ ಒಂದೇ ವೈರಿಗೆ ನೇತುಬಿದ್ದಿದ್ದವು. ಆ ವೈರು ಸತ್ತರೆ ಚಹಾ ಕಾಸಲಿಕ್ಕೂ ದಾರಿ ಇಲ್ಲ.

ಸಂಜೆಗೆ ಮನೆಯೊಳಗೆ 5 ಡಿಗ್ರಿ ಸೆಲ್ಸಿಯಸ್. ಮಾತಾಡಿದರೆ ಬಾಯಿಂದ ಹೊಗೆಯಂಥ ಉಸಿರು. ಆ ರಾತ್ರಿ ಕಳೆದು ಮಂಗಳವಾರ ಬೆಳಗಾಗುವಷ್ಟರಲ್ಲಿ ಡಾಲಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ ದಾಖಲಾಯಿತು. ಡಿಸೆಂಬರಿನಲ್ಲಿ ಹನ್ನೆರಡು ಡಿಗ್ರಿಗೆ ಇಳಿದರೇ ಮಂಕಿ ಟೋಪಿ ಹಾಕಿಕೊಳ್ಳುವ ವಿಜಯಪುರ ಜಿಲ್ಲೆಯವರು ನಾವು.

ಮುದ್ದೇಬಿಹಾಳದವನಿಗೆ ಬೇಸಿಗೆಯಲ್ಲಿ ಕೊಂಡಿದ್ದ ಪುಟ್ಟ ಇದ್ದಿಲು ಗ್ರಿಲ್ ನೆನಪಾಯಿತು. ಪಾರ್ಕಿನಲ್ಲಿ ಮೆಕ್ಕೆಜೋಳದ ತೆನೆ ಸುಡಲು ಅಂತ ತಂದದ್ದು. ಅರ್ಧ ಚೀಲ ಇದ್ದಿಲು ಉಳಿದಿತ್ತು. "ನಿಮ್ಮವ್ವ ಹೇಳ್ಯಾಳಲ್ಲ, ಶೆಗಡಿ ಮಾಡೂಣು" ಅಂದ. ಬಾಲ್ಕನಿಯಲ್ಲಿ ಹಚ್ಚಿ, ಹೊಗೆ ಪೂರ್ತಿ ನಿಂತ ಮೇಲೆ, ಕೆಂಡ ನಿಗಿನಿಗಿ ಆದಾಗ ಒಳಗೆ ತಂದು ಹಾಲಿನ ನಡುವೆ ಇಟ್ಟೆವು. ನಾವು ಎಂಜಿನಿಯರ್‌ಗಳು ನೋಡಿ, ಹೊಗೆ ಹೋಗಿದೆ ಅಂದರೆ ಅಪಾಯ ಹೋಯಿತು ಅಂತ ಲೆಕ್ಕ ಹಾಕಿದ್ದೆವು. ಬಿಸಿ ಹೊರಗೆ ಹೋಗದಿರಲಿ ಅಂತ ಬಾಲ್ಕನಿ ಬಾಗಿಲ ಸಂದಿಗೆ ಟವೆಲ್ ತುರುಕಿ, ಟೇಪ್ ಬೇರೆ ಹಚ್ಚಿದೆವು.

ಅರ್ಧ ತಾಸು ಸ್ವರ್ಗ. ಆಮೇಲೆ ನನಗೆ ಹಣೆಯ ಎರಡೂ ಕಡೆ ಬಿಗಿದಂತೆ ತಲೆನೋವು. ಹಗಲೆಲ್ಲ ಚಹಾ ಇಲ್ಲದ್ದಕ್ಕೆ ಅಂದುಕೊಂಡೆ. ಮುದ್ದೇಬಿಹಾಳದವನಿಗೆ ವಾಕರಿಕೆ. ತಣ್ಣಗಿನ ಅನ್ನ ತಿಂದದ್ದಕ್ಕೆ ಅಂದುಕೊಂಡ. ಸಿಂದಗಿಯವ ಆಗಲೇ ಮಲಗಿದ್ದ. ದಣಿದಿದ್ದಾನೆ ಅಂದುಕೊಂಡೆವು. ಪ್ರತಿಯೊಂದಕ್ಕೂ ಒಂದೊಂದು ಕಾರಣ ನಮ್ಮ ಹತ್ತಿರ ಇತ್ತು.

ಒಂಬತ್ತೂವರೆ ದಾಟಿತ್ತು, ಫೋನ್ ಬಂತು. ಊರಲ್ಲಿ ಮಂಗಳವಾರ ಬೆಳಗ್ಗೆ. ಜೋಳದ ಸುಗ್ಗಿ, ಅವ್ವ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಿದ್ದಳು.

"ಕರೆಂಟ್ ಬಂತೇನೋ?"

"ಇಲ್ಲ ಬೇ. ಶೆಗಡಿ ಹಚ್ಚೇವಿ. ಬೆಚ್ಚಗ ಐತಿ."

"ಕಿಂಡಿ ತಗದೀರಿಲ್ಲೋ?"

"ಇಲ್ಲಿ ಕಿಂಡಿ ಎಲ್ಲಿ ಬರ್ಬೇಕು ಬೇ. ಎಲ್ಲಾ ಮುಚ್ಚೇವಿ. ಹೊಗಿ ಏನ್ ಇಲ್ಲ, ಬರೇ ಕೆಂಡ."

ಒಂದು ಕ್ಷಣ ಮಾತಿಲ್ಲ. ಆಮೇಲೆ ಅವಳ ದನಿಯೇ ಬದಲಾಯಿತು. "ಮೊದಲ ಬಾಗಲಾ ತಗಿ! ಎಲ್ಲಾರನೂ ಹೊರಗ ಹಾಕು! ಹೊಗಿ ಇಲ್ಲದ ಕೆಂಡಾನ ಕೆಟ್ಟದ್ದೋ. ನನ್ನ ತವರೂರಾಗ ಕ್ವಾಣಿ ಮುಚ್ಚಿ ಕೆಂಡ ಇಟ್ಟು, ಬಾಣಂತಿ, ಆಕಿ ಅವ್ವ ಇಬ್ಬರೂ ಎಚ್ಚರ ತಪ್ಪಿ ಬಿದ್ದಿದ್ರು. ತಗಿ ಮೊದಲ!"

ಎದ್ದು ನಿಂತೆ. ಮೊಣಕಾಲು ನನ್ನವಲ್ಲ ಅನ್ನಿಸಿತು. ನಾವೇ ಹಚ್ಚಿದ್ದ ಟೇಪ್ ಕಿತ್ತು, ಚಿಲಕ ಹುಡುಕಿ ತೆಗೆಯಲು ಮೂರು ಸಲ ಪ್ರಯತ್ನ ಮಾಡಬೇಕಾಯಿತು. ಸಿಂದಗಿಯವನನ್ನು ಕೂಗಿದರೆ ಏಳಲಿಲ್ಲ. ಇಬ್ಬರೂ ಅವನ ರಟ್ಟೆ ಹಿಡಿದು ಹೊರಗೆ ಎಳೆದೆವು. ಆ ಗಾಳಿಗೆ ಎರಡು ಮೂರು ನಿಮಿಷಕ್ಕೆ ಕಣ್ಣು ಬಿಟ್ಟು ನಮ್ಮಿಬ್ಬರಿಗೂ ಕೆಟ್ಟದಾಗಿ ಬೈದ. ಯಾರಾದರೂ ಬೈದದ್ದಕ್ಕೆ ನನಗೆ ಅಷ್ಟು ಸಂತೋಷ ಆದದ್ದು ಅದೊಂದೇ ಸಲ.

ಗ್ರಿಲ್ ಹೊರಗೆ ಒಯ್ದು ಕೆಂಡವನ್ನು ಹಿಮಕ್ಕೆ ಸುರಿದೆವು, ಚುಂಯ್ ಅಂದಿತು. ಆಸ್ಪತ್ರೆಗೆ ಹೋಗಬೇಕಿತ್ತು. ರಸ್ತೆಯೆಲ್ಲ ಗಾಜಿನಂತೆ ಮಂಜುಗಡ್ಡೆ, ಹೋಗಲಿಲ್ಲ. ಅದೂ ತಪ್ಪೇ. 911ಕ್ಕೆ ಕರೆ ಮಾಡಿ ತುರ್ತು ವಾಹನ ಕೇಳಬೇಕಿತ್ತು. ಆ ರಾತ್ರಿಯ ಬಹುಪಾಲನ್ನು ಬಯಲಿನಲ್ಲಿ ನಿಂತ ಕಾರಿನಲ್ಲಿ, ಹಿಂದಿನ ಹೊಗೆ ಕೊಳವೆಯ ಸುತ್ತಲಿನ ಹಿಮ ಗೋರಿ, ಕಿಟಕಿ ಒಂದಿಷ್ಟು ಇಳಿಸಿ ಕಳೆದೆವು.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಉಸಿರಾಡುತ್ತಿದ್ದರೂ ಮೈಗೆ ಉಸಿರು ಸಿಗುವುದಿಲ್ಲ. ಮಲಗಿದವನಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಮನೆಯಲ್ಲಿ ಗ್ಯಾಸ್ ಒಲೆ ಇರಲಿಲ್ಲ, ಅಲಾರಂ ಕೂಡ ಇರಲಿಲ್ಲ.

ಆಮೇಲೆ ಟೆಕ್ಸಾಸ್ ಆರೋಗ್ಯ ಇಲಾಖೆ ಕೊಟ್ಟ ಲೆಕ್ಕದಲ್ಲಿ ಆ ಚಳಿ ಬಿರುಗಾಳಿಗೆ ಸತ್ತವರು 246 ಜನ. ಮೂರರಲ್ಲಿ ಎರಡು ಪಾಲು ಮೈ ಶಾಖ ಇಳಿದು ಸತ್ತವರು. 19 ಜನ ಈ ಅನಿಲಕ್ಕೆ ಸತ್ತವರು. ಆ ಲೆಕ್ಕ ಓದಿದ ದಿನ ನಾವು ಮೂವರೂ ಬಹಳ ಹೊತ್ತು ಮಾತಾಡಲಿಲ್ಲ.

ಆ ಹೊತ್ತಿನಲ್ಲಿ ಗ್ರಿಡ್‌ನಲ್ಲಿ ಆದದ್ದು

ಲೋಡ್ ಶೆಡ್ಡಿಂಗ್ ಎಂಬ ಪದವನ್ನು ಬಾಲ್ಯದಿಂದ ಕೇಳಿದ್ದೆ. ಅದರ ಅರ್ಥ ಸರಿಯಾಗಿ ಗೊತ್ತಾದದ್ದು ಮಾತ್ರ ಟೆಕ್ಸಾಸಿನಲ್ಲಿ.

ವಿದ್ಯುತ್ ಜಾಲವನ್ನು ಹೇರು ತುಂಬಿದ ಬಂಡಿ ಅಂದುಕೊಳ್ಳಿ. ಎತ್ತುಗಳು ಒಂದೇ ವೇಗದಲ್ಲಿ ನಡೆಯಬೇಕು. ಅಮೆರಿಕದಲ್ಲಿ ಆ ವೇಗ 60 ಹರ್ಟ್ಸ್, ನಮ್ಮಲ್ಲಿ 50. ಆ ರಾತ್ರಿ ಎಲ್ಲರೂ ಹೀಟರ್ ಹಾಕಿದ್ದರಿಂದ ಹೇರು ಹೆಚ್ಚಾಯಿತು. ಅದೇ ಹೊತ್ತಿಗೆ ಎತ್ತುಗಳು ಒಂದೊಂದಾಗಿ ಮುಗ್ಗರಿಸಿದವು. ಅನಿಲ ಬಾವಿಗಳು ಹೆಪ್ಪುಗಟ್ಟಿದವು, ಅನಿಲದ ವಿದ್ಯುತ್ ಸ್ಥಾವರಗಳು ನಿಂತವು, ಗಾಳಿಯಂತ್ರಗಳ ರೆಕ್ಕೆಗೆ ಮಂಜುಗಡ್ಡೆ ಕಟ್ಟಿತು, ಒಂದು ಅಣು ರಿಯಾಕ್ಟರ್ ಕೂಡ ಸಣ್ಣದೊಂದು ಕೊಳವೆ ಹೆಪ್ಪುಗಟ್ಟಿದ್ದಕ್ಕೆ ನಿಂತುಹೋಯಿತು.

ಫೆಬ್ರುವರಿ 15ರ ನಸುಕಿನ ಎರಡು ಗಂಟೆಯ ಸುಮಾರಿಗೆ ವೇಗ 59.4 ಹರ್ಟ್ಸ್‌ಗಿಂತ ಕೆಳಗೆ ಹೋಗಿ 4 ನಿಮಿಷ 23 ಸೆಕೆಂಡ್ ಅಲ್ಲೇ ಇತ್ತು. 9 ನಿಮಿಷ ಹಾಗೇ ಇದ್ದಿದ್ದರೆ ಉಳಿದ ಸ್ಥಾವರಗಳು ತಮ್ಮನ್ನು ಉಳಿಸಿಕೊಳ್ಳಲು ತಾವೇ ಕಳಚಿಕೊಂಡು, ರಾಜ್ಯದ ಜಾಲವೇ ಕುಸಿಯುತ್ತಿತ್ತು. ಬಂಡಿ ಉಳಿಸಲು ಹೇರು ಇಳಿಸಲೇಬೇಕಾಯಿತು. ಇಳಿಸಿದ ಹೇರು 20,000 ಮೆಗಾವ್ಯಾಟ್. ನಮ್ಮ ಬಸವನ ಬಾಗೇವಾಡಿ ಕಡೆಯ ಕೂಡಗಿ ಸ್ಥಾವರ 2,400 ಮೆಗಾವ್ಯಾಟಿನದು. ಅಂಥ ಎಂಟು ಕೂಡಗಿಗಳು ಕೊಡುವಷ್ಟು ಕರೆಂಟನ್ನು ಜನರಿಂದ ಒಮ್ಮೆಲೇ ಕಿತ್ತುಕೊಂಡರು ಅಂದುಕೊಳ್ಳಿ. 45 ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಾದವು. ಒಂದು ಬಡಾವಣೆ ಬಿಟ್ಟು ಇನ್ನೊಂದಕ್ಕೆ ಸರದಿಯಲ್ಲಿ ಕೊಡಬೇಕಿತ್ತು. ಆದರೆ ಆಸ್ಪತ್ರೆಯಂಥವು ಇರುವ ಲೈನ್‌ಗಳನ್ನು ಮುಟ್ಟುವಂತಿಲ್ಲ. ಅವನ್ನು ಬಿಟ್ಟರೆ ಸರದಿ ಮಾಡಲು ಉಳಿದದ್ದೇ ಕಡಿಮೆ. ಹೀಗಾಗಿ ಹೋದವರದು ಹೋಗೇ ಇತ್ತು.

ಪಕ್ಕದ ರಾಜ್ಯಗಳಿಂದ ತರಬಹುದಿತ್ತಲ್ಲ? ಅಲ್ಲಿಯೇ ತೊಡಕು. ಕೇಂದ್ರದ ನಿಯಂತ್ರಣ ಬೇಡವೆಂದು ಟೆಕ್ಸಾಸಿನ ಬಹುಭಾಗ ಮೊದಲಿನಿಂದ ತನ್ನದೇ ಬೇರೆ ಗ್ರಿಡ್ ಇಟ್ಟುಕೊಂಡಿದೆ. ಹೊರಗಿನಿಂದ ಕರೆಂಟ್ ತರಲು ಇರುವ ದಾರಿಗಳು ಬಹಳ ಸಣ್ಣವು. ಅದೇ ರಾಜ್ಯದ ಎಲ್ ಪಾಸೊ ನಗರ ಪಶ್ಚಿಮದ ಗ್ರಿಡ್‌ಗೆ ಸೇರಿದೆ. 2011ರ ಚಳಿಯಲ್ಲಿ ಪೆಟ್ಟು ತಿಂದ ಮೇಲೆ ತನ್ನ ಯಂತ್ರಗಳಿಗೆ ಚಳಿಯ ರಕ್ಷಣೆಯನ್ನೂ ಮಾಡಿಕೊಂಡಿತ್ತು. ಅಲ್ಲಿ ಇಂಥ ಕತ್ತಲು ಕವಿಯಲಿಲ್ಲ. 2011ರಲ್ಲೇ ಅದೇ ಸಲಹೆ ಎಲ್ಲರಿಗೂ ಬಂದಿತ್ತು, ಕಡ್ಡಾಯ ಇರಲಿಲ್ಲ. ಕಡ್ಡಾಯ ಮಾಡುವ ಕಾನೂನು ಬಂದದ್ದು 2021ರ ಜೂನಿನಲ್ಲಿ, ಇಷ್ಟೆಲ್ಲ ಆದ ಮೇಲೆ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಇಂಡಿಯವರ ಪೇಟೆಯೂರು ಸೋಲಾಪುರ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ನಡುವಿನ 765 ಕಿಲೊವೋಲ್ಟ್ ಲೈನ್ ಚಾಲೂ ಆಗಿ, ಬೇರೆಯಾಗಿದ್ದ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ ಜೊತೆ ಒಂದಾಯಿತು. ಈಗ ಇಡೀ ದೇಶಕ್ಕೆ ಒಂದೇ ವೇಗ. ಹಾಗಂತ ಬೆಸೆದುಕೊಂಡರೆ ಎಲ್ಲವೂ ಒಳ್ಳೆಯದು ಅಂತಲೂ ಹೇಳಲಾಗದು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ದಕ್ಷಿಣ ಉಳಿದದ್ದು ಆಗ ಬೇರೆಯಾಗಿದ್ದಕ್ಕೇ. ಕಿಂಡಿ ಇದ್ದರೆ ಧೂಳೂ ಬರುತ್ತದೆ. ಆದರೂ ಉಸಿರು ಕಟ್ಟುವ ದಿನ ಕಿಂಡಿ ಬೇಕು.

ಊರಿಂದ ತಂದದ್ದರಲ್ಲಿ ಕೆಲಸಕ್ಕೆ ಬಂದದ್ದು

ಕರೆಂಟ್ ಬಂದದ್ದು ಬುಧವಾರ. ಅಲ್ಲಿಯವರೆಗೆ ನಮ್ಮನ್ನು ಕಾಯ್ದದ್ದೂ ಊರಿನ ಸಾಮಾನುಗಳೇ.

ಮೊದಲನೆಯದು ಕೌದಿ. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಲಿದು ಅವ್ವ ಕೊಟ್ಟದ್ದು. ಲಗೇಜ್ ತೂಕ ಹೆಚ್ಚಾಗುತ್ತದೆ ಅಂತ ಬರುವಾಗ ಜಗಳ ಆಡಿದ್ದೆ. ಪದರಗಳ ನಡುವೆ ನಿಂತ ಗಾಳಿಯೇ ಶಾಖ ಹಿಡಿಯುವುದು. ಮಂಗಳವಾರ ರಾತ್ರಿ ಊಟದ ಟೇಬಲ್ ಮೇಲೆ ಬೆಡ್‌ಶೀಟ್ ಇಳಿಬಿಟ್ಟು ಗುಡಾರದಂತೆ ಮಾಡಿ, ಕೆಳಗೆ ಹಾಸಿಗೆ ಹಾಕಿ, ಮೂವರೂ ಒಂದೇ ಕೌದಿ, ಇರುವಷ್ಟು ಬ್ಲ್ಯಾಂಕೆಟ್ ಹೊದ್ದು ಮಲಗಿದೆವು. ಮೈಯ ಶಾಖವೇ ಸಾಕಾಯಿತು.

ಎರಡನೆಯದು ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಬೇಯಿಸುವುದು ಬೇಡ, ಕಾಸುವುದು ಬೇಡ, ತಿಂಗಳುಗಟ್ಟಲೆ ಕೆಡುವುದಿಲ್ಲ. ಕರೆಂಟ್ ಇಲ್ಲದ ಮನೆಗೆ ಇದಕ್ಕಿಂತ ಒಳ್ಳೆ ಬುತ್ತಿ ನಾನು ಕಂಡಿಲ್ಲ.

ನೀರಿಗೆ ಮಾತ್ರ ಒದ್ದಾಡಿದೆವು. ಪೈಪು ಒಡೆದು ನಲ್ಲಿ ನಿಂತಿತು. ಬಕೆಟ್ ಗಟ್ಟಲೆ ಹಿಮ ತಂದು ಬಾತ್‌ಟಬ್‌ಗೆ ಸುರಿದರೆ, ಆ ಥಂಡಿಯಲ್ಲಿ ಕರಗಲು ಅರ್ಧ ದಿನ. ಕರಗಿದ ಮೇಲೆ ಬಕೆಟ್ಟಿಗೆ ಒಂದೆರಡು ತಂಬಿಗೆ ನೀರು. ಅದು ಸಂಡಾಸಕ್ಕೆ ಹಾಕಲು ಅಷ್ಟೆ.

ಕೌದಿಯೂ ರೊಟ್ಟಿಯೂ ಇಲ್ಲಿ ಹೊಂದಿಕೊಂಡವು, ಶೆಗಡಿ ಯಾಕೆ ಕೈಕೊಟ್ಟಿತು? ಯೋಚಿಸಿದರೆ, ಊರಲ್ಲಿ ಶೆಗಡಿ ಒಂದೇ ಇರುವುದಿಲ್ಲ. ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತದೆ, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದಿ ಇರುತ್ತದೆ, ನಡುರಾತ್ರಿ ಎದ್ದು ನೋಡುವ ಅಜ್ಜಿ ಇರುತ್ತಾಳೆ. ಅವ್ವ "ಶೆಗಡಿ ಹಚ್ಚ್ರಿ" ಅಂದಾಗ ಅವಳ ಮನಸ್ಸಿನಲ್ಲಿ ಇದೆಲ್ಲ ಇತ್ತು. ನಾನು ಕೇಳಿಸಿಕೊಂಡದ್ದು ಶೆಗಡಿ ಒಂದನ್ನೇ. ಬಿಸಿಗಾಳಿ ಸೋರದಂತೆ ಕಟ್ಟಿದ ಮನೆಗೆ ಊರಿನ ಅರ್ಧ ಬುದ್ಧಿ ತಂದಿದ್ದೆ.

ಇಷ್ಟು ನೆನಪಿಡಿ

ಹಿಮದ ಸೀಮೆಗೆ ಹೊರಟವರಿಗೆ, ಈಗಾಗಲೇ ಬಂದವರಿಗೆ ನಾನು ಹೇಳುವುದು ಇಷ್ಟು.

ಇದ್ದಿಲು ಗ್ರಿಲ್, ಕ್ಯಾಂಪ್ ಒಲೆ, ಜನರೇಟರ್ ಮನೆಯೊಳಗೆ ಬೇಡ. ಗ್ಯಾರೇಜಿನಲ್ಲೂ ಬೇಡ, ಶಟರ್ ತೆರೆದಿದ್ದರೂ ಬೇಡ.

ಕಾರಿನಲ್ಲಿ ಮೈ ಕಾಯಿಸುವುದಾದರೆ ಕಾರು ಬಯಲಿನಲ್ಲಿರಲಿ. ಹಿಂದಿನ ಕೊಳವೆಗೆ ಹಿಮ ಮುಚ್ಚಿದೆಯೇ ಎಂದು ಮತ್ತೆ ಮತ್ತೆ ನೋಡಿ.

ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗುವ ಕೋಣೆಯ ಹತ್ತಿರ ಇರಲಿ. ಮಿನ್ನೆಸೋಟಾದಲ್ಲಿ ಮಲಗುವ ಕೋಣೆಯಿಂದ 10 ಅಡಿಯೊಳಗೆ ಇರಲೇಬೇಕೆಂದು ಕಾನೂನೇ ಇದೆ. ಎಲ್ಲ ಕಡೆ ಹಾಗಿಲ್ಲ.

ಒಂದೇ ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಕಾರಣ ಹುಡುಕುತ್ತ ಕೂರಬೇಡಿ. ಮೊದಲು ಹೊರಗೆ ಬನ್ನಿ, ಆಮೇಲೆ ತುರ್ತು ಸಂಖ್ಯೆಗೆ ಕರೆ ಮಾಡಿ.

ಬಿರುಗಾಳಿಯ ಮುನ್ಸೂಚನೆ ಬಂದ ದಿನವೇ ಕುಡಿಯುವ ನೀರು ತುಂಬಿಟ್ಟುಕೊಳ್ಳಿ. ಬೇಯಿಸದೆ ತಿನ್ನುವಂಥದ್ದು ಮೂರು ದಿನಕ್ಕೆ ಇರಲಿ. ಪವರ್ ಬ್ಯಾಂಕ್ ಚಾರ್ಜ್ ಮಾಡಿಡಿ. ಕಾರಿನಲ್ಲಿ ಒಂದು ಕಂಬಳಿ ಇರಲಿ. ಹಿಮಕ್ಕೆ ಒಗ್ಗಿದ ಊರಾದ ಬಫಲೊದಲ್ಲೇ 2022ರ ಡಿಸೆಂಬರ್ ಕೊನೆಯ ಹಿಮಗಾಳಿಗೆ 40ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಕಾರಿನಲ್ಲಿ ಸಿಕ್ಕಿಬಿದ್ದವರೂ ಇದ್ದರು.

ಬೆಂಗಳೂರಿನಲ್ಲಿ ಕೂತು ಓದುತ್ತಿರುವವರೇ, ಇದು ನಮಗಲ್ಲ ಅಂತ ಸ್ಕ್ರೋಲ್ ಮಾಡಬೇಡಿ. ನಿಮ್ಮ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ, ಚಳಿ ಅಂತ ಅದರ ಕಿಟಕಿ ಮುಚ್ಚಿದ್ದರೆ, ನಮ್ಮ ಡಾಲಸ್ ಹಾಲಿಗೂ ಆ ಬಚ್ಚಲಿಗೂ ವ್ಯತ್ಯಾಸ ಇಲ್ಲ. ಸ್ನಾನಕ್ಕೆ ಹೋದವರು ಬಾಗಿಲು ತೆಗೆಯದೇ ಹೋದ ಸುದ್ದಿಯನ್ನು ನೀವೂ ಓದಿರುತ್ತೀರಿ. ಗೀಸರ್ ಹೊರಗಿರಲಿ, ಕಿಟಕಿ ತೆರೆದಿರಲಿ.

ಬರೆದು ಮುಗಿಸುವ ಮುಂಚೆ ಅವ್ವನಿಗೆ ಫೋನ್ ಮಾಡಿ, ಆ ರಾತ್ರಿಯದನ್ನು ಬರೆಯಲೇ ಅಂತ ಕೇಳಿದೆ. "ಬರಿ. ನಿಮ್ಮಪ್ಪ ಓದಂಗಿಲ್ಲ ಬಿಡು" ಅಂದಳು. ಒಂದಿಷ್ಟು ಹೊತ್ತು ಬಿಟ್ಟು, "ಈಗಿನ ಮನ್ಯಾಗ ಕಿಂಡಿ ಐತೇನೋ?" ಅಂತ ಕೇಳಿದಳು.

ವಿಡಿಯೊ ಕಾಲ್ ಮಾಡಿ ಗೋಡೆಯ ಮೇಲಿನ ಬಿಳಿ ಡಬ್ಬಿ ತೋರಿಸಿ, ಗುಂಡಿ ಒತ್ತಿದೆ. ಕಿರ್ರ್ ಎಂದು ಕಿರುಚಿತು. ಅವ್ವ ಕಿವಿ ಮುಚ್ಚಿಕೊಂಡು, "ಸಾಕ್ ಸಾಕ್, ಹಿಂಗ ಒದರ್ಲಿ ಅದು" ಅಂದಳು.

ಆ ಹುಡುಗನಿಗೆ ಇದರ ಲಿಂಕ್ ಕಳಿಸುತ್ತೇನೆ. ಜಾಕೆಟ್ ಅವನು ಯಾವುದಾದರೂ ಕೊಳ್ಳಲಿ.